ಹುಬ್ಬಿನಲ್ಲಿ ಹೇಳಿದ ಹೌದು

ನಮ್ಮೂರಿನ ಸಿಸ್ಟರ್ ಕನ್ಸೋರ್ಸಿಯಾ ಲೋಕಕ್ಕೆಲ್ಲ ನ್ಯಾಯ ಕೇಳಲು ಜಿನೀವಾದ ಸಭೆಗಳಿಗೆ ಹೋಗುತ್ತಿದ್ದಳು, ಬರುವಾಗ ಹೋಟೆಲಿನ ಸೋಪು ತರುತ್ತಿದ್ದಳು. ಪ್ರಯಾಣ ಮುಗಿಸಿ ಬರಿಗೈಯಲ್ಲಿ ಬಂದವರಿಗೆ ನಮ್ಮ ಸಾಮಾರ್ ದ್ವೀಪದಲ್ಲಿ ಮರ್ಯಾದೆಯಿಲ್ಲ. ಸನ್ಯಾಸಿನಿಯ ಕೈಯಲ್ಲಿ ಕಾಸಿಲ್ಲ. ಹಾಗಾಗಿ ಕಾಗದ ಸುತ್ತಿದ ಪುಟ್ಟ ಪುಟ್ಟ ಸೋಪುಗಳು. ಏಡಿ ಹಿಡಿಯುವ ನಾವು ಹೆಂಗಸರೆಲ್ಲ ಜಿನೀವಾದ ಘಮ ಹೊಡೆಯುತ್ತಿದ್ದೆವು.

“ಸೋಪು ಬಂತು ಸಿಸ್ಟರ್, ನ್ಯಾಯ ಎಲ್ಲೇ?” ಎಂದು ಕೆಣಕುತ್ತಿದ್ದೆ.

“ಮುಂದಿನ ಸಭೇಲಿ ಕೊಡ್ತಾರಂತೆ ಕಣೇ ದೂಲಾ. ಅಲ್ಲೀವರೆಗೆ ಕೈ ತೊಳ್ಕೋ.”

ನಾವಿಬ್ಬರೂ ಒಂದೇ ಕೇರಿಯಲ್ಲಿ ಬೆಳೆದವರು. ಅವಳಪ್ಪ ತೆಂಗಿನ ಮರವೇರಿ ಹೆಂಡ ಇಳಿಸುತ್ತಿದ್ದ. ನಾನು ಗಂಡನನ್ನು ಕಟ್ಟಿಕೊಂಡೆ, ಅವಳು ದೇವರನ್ನು ಕಟ್ಟಿಕೊಂಡಳು. ಇಬ್ಬರಿಗೂ ಹೇಳಿಕೊಳ್ಳುವಂಥ ಸುಖ ಸಿಗಲಿಲ್ಲ. ಸಿಸ್ಟರ್ ಬೆಳಿಗ್ಗೆ ಕಾನ್ವೆಂಟಿನ ಹಂದಿಗಳಿಗೆ ಮೇವು ಹಾಕಿ, ಮಧ್ಯಾಹ್ನ ಅದೇ ಕೈಯಲ್ಲಿ ಸರ್ಕಾರಗಳಿಗೆ ಮನವಿ ಬರೆಯುತ್ತಿದ್ದಳು. ದೇಶದೇಶದ ಸಂಘಗಳೆಲ್ಲ ಸೇರಿ ಕೂಗಿದರೆ ದೊಡ್ಡವರಿಗೂ ಕೇಳಿಸುತ್ತದೆ ಎಂಬ ನಂಬಿಕೆ ಅವಳದು. ನನಗೋ ಆ ಸಂಘಗಳ ಮೇಲೆ ಮೂರು ಕಾಸಿನ ಗೌರವವಿರಲಿಲ್ಲ. ಬಡವರ ದನಿ, ಬಡವರ ದನಿ ಎಂದು ಬಾಯಿ ಬಡಿದುಕೊಳ್ಳುತ್ತಾರೆ. ಬಡವಿ ಎದುರಿಗೆ ಬಂದು ನಿಂತರೆ ಗಡಿಯಾರ ನೋಡುತ್ತಾರೆ.

ಹೀಗಿರುವಾಗ ನಮ್ಮ ಕಡಲತೀರದ ಕಪ್ಪು ಮರಳಿನ ಮೇಲೆ ಗಣಿ ಕಂಪನಿಯೊಂದರ ಕಣ್ಣು ಬಿತ್ತು. ಮರಳು ಹೋದರೆ ಏಡಿ ಹೋಗುತ್ತದೆ, ಏಡಿ ಹೋದರೆ ನಮ್ಮ ಒಲೆ ಆರುತ್ತದೆ. ಸಂಘಗಳ ಒಕ್ಕೂಟ ಜಿನೀವಾದಲ್ಲಿ ಓದುವ ಹೇಳಿಕೆಯಲ್ಲಿ ನಮ್ಮೂರಿನ ವಿರೋಧ ಸೇರಿದರೆ, ಸರ್ಕಾರ ಎಲ್ಲರೆದುರು ಉತ್ತರ ಕೊಡಬೇಕಾಗುತ್ತದೆ ಎಂದಳು ಸಿಸ್ಟರ್. ಕಾಡಿ ಬೇಡಿ ಒಕ್ಕೂಟದವರನ್ನು ಊರಿಗೆ ಕರೆಸಿದಳು.

ಬಂದವರ ಮುಖಂಡ ಯೋರಿಸ್ ಎಂಬ ಪರದೇಶದ ಉದ್ದನೆಯ ಮನುಷ್ಯ. ಬಂದವನೇ ಮೊದಲು ಮಾಡಿದ ಕೆಲಸ ಸಿಸ್ಟರನ್ನು ಹೊರಗೆ ಕಳಿಸಿದ್ದು. ಅವಳಿದ್ದರೆ ಜನ ಮನಸ್ಸು ಬಿಚ್ಚುವುದಿಲ್ಲವಂತೆ! ಥೂ, ಅವಳೆದುರು ನಾವು ಬಿಚ್ಚದ ಮಾತು ಯಾವುದಿತ್ತು? ನಾವು ಮಾಡಿಟ್ಟ ಅಕ್ಕಿ ಕಡುಬಿನ ತಟ್ಟೆ ಸರಿಸಿ, ಧ್ವನಿಮುದ್ರಣದ ಯಂತ್ರ ಇಟ್ಟ. ಮನಿಲಾದಿಂದ ಬಂದ ದುಭಾಷಿ ಹುಡುಗಿಯ ಬಾಯಲ್ಲಿ ಕೇಳಿಸಿದ: “ಗಣಿಗೆ ನೀವೆಲ್ಲ ಎದುರು ನಿಲ್ತೀರಾ?”

ನಾವೆಲ್ಲ ಹುಬ್ಬು ಏರಿಸಿದೆವು. ನಮ್ಮಲ್ಲಿ ಹೌದು ಎನ್ನಲು ಬಾಯಿ ಯಾರು ಬಿಡುತ್ತಾರೆ? ಉಂಡೆಯಾ ಎಂದರೆ ಹುಬ್ಬು, ಮೀನು ಸಿಕ್ಕಿತಾ ಎಂದರೆ ಹುಬ್ಬು. ನನ್ನ ಮದುವೆಯಲ್ಲಿ ಪಾದ್ರಿ ಕೇಳಿದಾಗಲೂ ನಾನು ಹುಬ್ಬನ್ನೇ ಏರಿಸಿದ್ದೆ. “ಬಾಯಿ ಬಿಡಮ್ಮ” ಎಂದು ಅವರು ಗದರಬೇಕಾಯಿತು. ದುಭಾಷಿ ಹುಡುಗಿಯೂ ಈ ನೆಲದವಳೇ. ಕಣ್ಣೆದುರು ಕಂಡದ್ದನ್ನು ಬಿಡಿಸಿ ಹೇಳುವುದೇನೆಂದು ಅವಳು ಕಡುಬು ತಿನ್ನುತ್ತಾ ಸುಮ್ಮನಿದ್ದಳು. ಯೋರಿಸ್ ಮತ್ತೆ ಕೇಳಿಸಿದ, ನಾವು ಮತ್ತೆ ಏರಿಸಿದೆವು.

ಮನಿಲಾದ ದೊಡ್ಡ ಹೋಟೆಲಿನಲ್ಲಿ ಹೇಳಿಕೆಯ ಕರಡು ಓದುವ ಸಭೆಗೆ ಸಿಸ್ಟರ್ ನನ್ನನ್ನೂ ಎಳೆದುಕೊಂಡು ಹೋದಳು. ಊರೂರ ಹೆಸರು ಓದಿದರು, ನಮ್ಮದಿಲ್ಲ. ಸಿಸ್ಟರ್ ಎದ್ದು ಕೇಳಿದಳು. ಯೋರಿಸ್ ಹೇಳಿದ್ದನ್ನು ಅದೇ ಹುಡುಗಿ ನನ್ನ ಕಿವಿಯಲ್ಲಿ ಉಸುರಿದಳು: “ಧ್ವನಿಮುದ್ರಣದಲ್ಲಿ ಜನ ಮೌನವಾಗಿದ್ದಾರೆ. ಅವರ ನಿಲುವು ಸ್ಪಷ್ಟವಾಗಿಲ್ಲ.”

ನನ್ನ ಮೈಯೆಲ್ಲ ಉರಿದುಹೋಯಿತು. ಎದುರಿಗೇ ಕೂತು ಮುಖ ನೋಡಿದವನು, ಯಂತ್ರದ ಮಾತು ಕೇಳುತ್ತಾನೆ! “ಸ್ಪಷ್ಟವಾಗಿ ಬೈದುಬಿಡ್ಲಾ?” ಎಂದೆ.

“ಬಾಯ್ಮುಚ್ಚಿ ಕೂತ್ಕೋ,” ಎಂದಳು ಸಿಸ್ಟರ್. ಆಮೇಲೆ ಗೋಡೆಗೆ ಒರಗಿ ನಿಂತಿದ್ದ ಹೋಟೆಲಿನ ಮಾಣಿಯನ್ನು ಕೂಗಿದಳು. “ತಮ್ಮಾ, ಕಾಫಿ ಇದ್ಯಾ?”

ಅವನು ಹುಬ್ಬು ಏರಿಸಿದ.

ಬಾಗಿಲಲ್ಲಿದ್ದ ಇನ್ನೊಬ್ಬನತ್ತ ತಿರುಗಿದಳು. “ಸಕ್ಕರೆ?”

ಅವನೂ ಹುಬ್ಬು ಏರಿಸಿದ. ಕಾಫಿ ಬಂತು, ಹಿಂದೆಯೇ ಸಕ್ಕರೆ ಬಂತು.

“ಇವರಿಬ್ರೂ ಏನಂದ್ರು, ಹೇಳಿ ಸಾರ್?”

“ಏನೂ ಅನ್ನಲಿಲ್ಲವಲ್ಲ.”

“ಹಂಗಾದ್ರೆ ಈ ಕಾಫಿ ಎಲ್ಲಿಂದ ಬಂತು?”

ಸಭೆ ಗೊಳ್ಳೆಂದಿತು. ಯೋರಿಸ್ ಬೇಯಿಸಿದ ಏಡಿಯ ಹಾಗೆ ಕೆಂಪಾದ. ಅಷ್ಟಕ್ಕೇ ಬುದ್ಧಿ ಬಂತೆನ್ನಬೇಡಿ. ಒಬ್ಬಳು ಇದು ಅಮೂಲ್ಯ ಸಂಸ್ಕೃತಿ ಎಂದಳು. ಇನ್ನೊಬ್ಬ ಹುಬ್ಬಿನ ಮೇಲೆ ಒಂದು ಕಾರ್ಯಾಗಾರ ಮಾಡೋಣ ಎಂದ. ಮನೆಗೆ ಬೆಂಕಿ ಬಿದ್ದರೆ ಹೊಗೆಯ ಬಣ್ಣ ನೋಡುವ ಜನ!

ಸಿಸ್ಟರ್ ಮೇಜು ಗುದ್ದಿದಳು. “ಸಂಸ್ಕೃತಿ ಆಮೇಲೆ ನೋಡ್ಕೊಳ್ಳಿ. ಮೊದ್ಲು ಊರಿನ ಹೆಸ್ರು ಬರೀರಿ!”

ಯೋರಿಸ್ ಪೆನ್ನು ತೆಗೆದು ನನ್ನತ್ತ ತಿರುಗಿದ. ನಿಮ್ಮೂರು ಗಣಿಯನ್ನು ವಿರೋಧಿಸುತ್ತದೆ ಎಂದು ಬರೆಯಲೇ ಎಂದು ದುಭಾಷಿ ಹುಡುಗಿಯಿಂದ ಕೇಳಿಸಿದ.

ನಾನು ಹುಬ್ಬು ಏರಿಸಿದೆ.

ಪುಣ್ಯಾತ್ಮ ಪೆನ್ನು ಹಿಡಿದು ನನ್ನ ಬಾಯಿಯನ್ನೇ ನೋಡುತ್ತಾ ಕೂತ.

“ದೂಲಾ, ಬಾಯಿ ಬಿಡೇ!” ಸಿಸ್ಟರ್ ನನ್ನ ಪಕ್ಕೆಗೆ ತಿವಿದಳು.

ಮದುವೆಯ ದಿನ ಬಿಟ್ಟರೆ ಅವತ್ತೇ ನಾನು ಬಾಯಿ ತೆರೆದು ಹೌದು ಎಂದದ್ದು. ಆ ಹೌದಿನಿಂದ ಏನೂ ಸಿಕ್ಕಿರಲಿಲ್ಲ. ಈ ಹೌದಿಗೆ ನಮ್ಮೂರಿನ ಹೆಸರು ಹೇಳಿಕೆಯಲ್ಲಿ ಬಿತ್ತು, ನನ್ನ ಕಣ್ಣೆದುರೇ.