ಆ ಆರನೇ ವೋಟು ಎಲ್ಲಿ ಹೋಯಿತು?

ಐದು! ಬರೀ ಐದು! ವೋಟು ಎಣಿಸಲೆಂದು ಕೂರಿಸಿದ್ದ ನಾನು ಚೀಟಿಗಳನ್ನು ಮತ್ತೊಮ್ಮೆ ಎಣಿಸಿದೆ. ಹಾಳಾದ್ದು, ಮತ್ತೂ ಐದೇ!

ಪಕ್ಕದ ಮನೆಯ ಗಿರಿಜಕ್ಕನಿಗೆ ಆರು ವೋಟು ಗ್ಯಾರಂಟಿ ಎಂದು ವಾರವಿಡೀ ಬೀಗಿದವನು ನಾನು. ತೆಲುಗು ನಾಡಿನ ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬ್ಲಾಕಿಗೊಬ್ಬ ಪ್ರತಿನಿಧಿ. ಆ ಹನ್ನೊಂದು ಜನ ಸೇರಿ ತಮ್ಮಲ್ಲೇ ಒಬ್ಬರನ್ನು ಅಧ್ಯಕ್ಷರಾಗಿ ಆರಿಸಬೇಕು. (ಥೇಟ್ ಶಾಸಕಾಂಗ ಪಕ್ಷದ ನಾಯಕನ ಆಯ್ಕೆ! ರೆಸಾರ್ಟ್ ಇರಲಿಲ್ಲ, ಮಿರ್ಚಿ ಭಜಿ ಇತ್ತು.)

ಬೀದರ್ ಕಡೆಯ ಗಿರಿಜಕ್ಕ ನಿಂತಿದ್ದು ಒಂದೇ ಕಾರಣಕ್ಕೆ. ನಮ್ಮ ಬ್ಲಾಕಿನ ಲಿಫ್ಟ್ ಕೆಟ್ಟು ತಿಂಗಳುಗಳೇ ಆಗಿದ್ದವು. ಮೊಣಕಾಲಿನ ಆಪರೇಷನ್ ಆದ ಅವರ ಯಜಮಾನರು ನಾಲ್ಕನೇ ಮಹಡಿಯಿಂದ ಇಳಿದೇ ಇರಲಿಲ್ಲ. ಕೆಳಗೆ ವಾಕಿಂಗ್ ಮಾಡುವ ಗೆಳೆಯರನ್ನು ಬಾಲ್ಕನಿಯಿಂದಲೇ ಕೂಗಿ ಮಾತಾಡಿಸುತ್ತಿದ್ದರು, ಪಾಪ. ಹಾಲಿ ಅಧ್ಯಕ್ಷ ರಾವ್ ಗಾರು ಮಾತ್ರ "ಚೂದ್ದಾಂ, ಚೂದ್ದಾಂ" (ನೋಡೋಣ, ನೋಡೋಣ) ಅನ್ನುವುದರಲ್ಲೇ ಅವಧಿ ಮುಗಿಸಿದ್ದರು.

ಈಗ ರಾವ್‌ಗೆ ಆರು, ಗಿರಿಜಕ್ಕನಿಗೆ ಐದು. ನನಗೆ ಮೈಯೆಲ್ಲ ಉರಿಯಿತು. ಕೈಕೊಟ್ಟವರು ಯಾರು? ಬಿ ಬ್ಲಾಕಿನ ಡಾಕ್ಟರೇ? ಅವರು ನನ್ನನ್ನು ನೋಡಿ ನಕ್ಕಿದ್ದೇಕೆ? "ಮೋಸ! ಮತ್ತೆ ವೋಟಿಂಗ್ ಆಗಬೇಕು!" ಎಂದು ಕೂಗಿಯೇಬಿಟ್ಟೆ.

ಗಿರಿಜಕ್ಕ ನನ್ನ ತೋಳು ಜಗ್ಗಿದರು. "ಸುಮ್ಮ ಕೂಡ್ರಿ. ರಾವ್ ಅವ್ರಿಗೆ ವೋಟ್ ಹಾಕ್ದಾಕಿ ನಾನಽ."

"ಏನಂದ್ರಿ?!"

"ಮತ್ತ? ನನ್ನ ಹೆಸರಿಗೆ ನಾನಽ ಹೆಂಗ ಹಾಕ್ಕೋಬೇಕ್ರಿ? ಮಂದಿ ಊಟಕ್ಕ ಕೂತಾಗ ನಮ್ಮ ತಾಟಿಗೆ ನಾವಽ ಮೊದ್ಲ ಬಡಿಸ್ಕೋತೀವೇನು? ನಾಚಿಕಿ ಬರ್ತದ."

ಯಾರೋ ಅದನ್ನು ತೆಲುಗಿಗೆ ತಿರುಗಿಸಿದ್ದೇ ತಡ, ಸಭೆಗೆ ಸಭೆಯೇ ಗೊಳ್ಳೆಂದು ನಕ್ಕಿತು. ನಗದವರು ರಾವ್ ಒಬ್ಬರೇ. ತಮ್ಮ ವೋಟನ್ನು ಅವರು ತಮಗೇ ಹಾಕಿಕೊಂಡಿದ್ದರಲ್ಲ! ಮುಖ ಸಣ್ಣದು ಮಾಡಿಕೊಂಡು, "ಮೊದಲ ವರ್ಷ ನೀವೇ ಇರಿ ಅಮ್ಮಾ, ಆಮೇಲೆ ನಾನು" ಎಂದು ತೆಲುಗಿನಲ್ಲಿ ಹೇಳಿದರು.

ಅರ್ಧರ್ಧ ಅವಧಿಯ ಫಾರ್ಮುಲಾ! ನಾನು ಎದ್ದು ಕುಣಿಯುವುದೊಂದು ಬಾಕಿ. "ಒಪ್ಕೋರಿ ಅಕ್ಕಾ, ಒಪ್ಕೋರಿ!"

ಗಿರಿಜಕ್ಕ ಒಪ್ಪಲಿಲ್ಲ. ಅವರೂ ತೆಲುಗಿನಲ್ಲೇ ಉತ್ತರ ಕೊಟ್ಟರು, ಗತ್ತು ಮಾತ್ರ ಬೀದರಿನದು. "ಕುರ್ಚಿ ನಿಮ್ಮ ಹತ್ತಿರವೇ ಇರಲಿ ಅಣ್ಣಾ. ಲಿಫ್ಟಿನ ಹೊಣೆ ನನಗೆ ಕೊಡಿ. ರಿಪೇರಿ ಆರ್ಡರಿಗೆ ಇಲ್ಲೇ, ಈಗಲೇ ಸಹಿ ಹಾಕಿ."

ಹಾಕಿದರು ನೋಡಿ! ನಿನ್ನೆ ಸಂಜೆ ಗಿರಿಜಕ್ಕನ ಯಜಮಾನರು ಲಿಫ್ಟಿನಲ್ಲಿ ಇಳಿದು ಬಂದು, ಗೆಳೆಯರ ನಡುವೆ ಕೂತು ಚಹಾ ಕುಡಿದರು.

ನಾಯಕನ ಆಯ್ಕೆಗೆಂದು ಬಾಗಿಲು ಹಾಕಿಕೊಂಡು ಕೂರುವ ಮಾನ್ಯ ಶಾಸಕರೇ, ಸಂಧಾನಕ್ಕೆ ಕೂತಾಗ ಕುರ್ಚಿ ಬಿಟ್ಟು ಲಿಫ್ಟ್ ಕೇಳಿದವರು ನಿಮ್ಮಲ್ಲಿ ಒಬ್ಬರಾದರೂ ಇದ್ದಾರಾ?