ವಲ್ಲಿಯ ಕೆಳಗೆ ಎಳೆದುಕೊಂಡ ಕೈ

ಬಾಗಿಲನ್ನು ಭುಜ ಕೊಟ್ಟು ತಳ್ಳಿದೆ. ಮಸಿ ಹಿಡಿದ ಗೋಡೆ, ಕಮಟು ಶೇಂಗಾ ಎಣ್ಣೆ, ಹಸಿ ಮಣ್ಣು, ಎಲ್ಲದರ ವಾಸನೆ ಒಟ್ಟಿಗೇ ಮುಖಕ್ಕೆ ಬಡಿಯಿತು. ಶಹಾಪುರದಿಂದ ಸುರಪುರಕ್ಕೆ ಹೋಗುವ ಹಳೆ ರಸ್ತೆಯ ಬದಿ ಎಷ್ಟೋ ವರ್ಷದಿಂದ ಮುಚ್ಚಿದ್ದ ಖಾನಾವಳಿ ಅದು. ಬಾಗಿಲು, ತೊಲೆ ಮಾರಿಕೊಡಿ ಎಂದು ಒಡತಿಯ ಮಗಳು ಯಾದಗಿರಿಯಿಂದ ಫೋನ್ ಮಾಡಿದ್ದಳು. ಗಿರಾಕಿಗೆ ಕಳಿಸಲು ಮೊಬೈಲಿನಲ್ಲಿ ಒಂದೊಂದೇ ಫೋಟೊ ತೆಗೆಯತೊಡಗಿದೆ. ಹಳೆ ಕಟ್ಟಿಗೆ ಮಾರುವವರಿಗೆ ಒಂದು ಮಾತು: ಹುಳು ತಿಂದ ತುದಿಯ ಫೋಟೊವನ್ನೇ ಮೊದಲು ಕಳಿಸಿರಿ. ಆಮೇಲೆ ಅದನ್ನೇ ಹಿಡಿದು ಯಾರೂ ರೇಟು ಇಳಿಸುವುದಿಲ್ಲ.

ಒಲೆಯ ಕಡೆ ಮೊಬೈಲು ತಿರುಗಿಸಿದಾಗ ಕೈ ನಿಂತಿತು. ಅಲ್ಲೇ ಆ ಒಡತಿ ಕೂರುತ್ತಿದ್ದಳು…

ಎಲ್ಲರಿಗೂ ಆಕೆ ಅಕ್ಕ. ಕಾಲುವೆ ಅಗೆಯುತ್ತಿದ್ದ ಕಾಲದಲ್ಲಿ ಲಾರಿಯವರು, ಮಣ್ಣು ಹೊರುವವರು, ನನ್ನಂಥ ದನದ ದಲ್ಲಾಳಿಗಳು ಆಕೆಯ ಜೋಳದ ರೊಟ್ಟಿಗಾಗಿ ಕಾಯುತ್ತಿದ್ದೆವು. "ಎತ್ತಿನ ಹಲ್ಲ ಎಣಿಸಿದಂಗ ರೊಟ್ಟಿ ಎಣಸಬ್ಯಾಡ, ಸುಮ್ನ ಉಣ್ಣು" ಎಂದು ನನ್ನನ್ನು ಚುಚ್ಚುತ್ತಿದ್ದಳು.

ಕಾಲುವೆಗೆ ನೀರು ಬಂತು, ಆಕೆಯ ಗಿರಾಕಿಗಳು ಹೋದರು. ಸೇತುವೆಗಾಗಿ ರಸ್ತೆಯನ್ನು ಎತ್ತರಿಸಿ ಆಚೆ ಸರಿಸಿದ್ದರು. ಒಂದು ಕಡೆ ಕಾಲುವೆಯ ಏರಿ, ಇನ್ನೊಂದು ಕಡೆ ಹೊಸ ರಸ್ತೆಯ ದಿಬ್ಬ. ನಡುವಿನ ತಗ್ಗಿನಲ್ಲಿ ಖಾನಾವಳಿ. ಬಾಗಿಲಲ್ಲಿ ನಿಂತರೆ ಬಸ್ಸಿನ ಸದ್ದು ಕೇಳುತ್ತಿತ್ತು, ಬಸ್ಸು ಕಾಣುತ್ತಿರಲಿಲ್ಲ. ಬಂದು ನಮ್ಮ ಜೊತೆ ಇರು ಎಂದು ಮಗಳು ಕರೆಯುತ್ತಲೇ ಇದ್ದಳು. ಗಂಡ ತೀರಿದ ಆಕೆಗೆ ಇದ್ದ ಆಸ್ತಿ ಇದೊಂದೇ. "ಬರಿಗೈಲೆ ಹೋದ್ರ ನಾಕ ದಿನಕ್ಕ ಅಳಿಯನ ಮಾರಿ ಸಣ್ಣದಾಗ್ತದ ತಮ್ಮಾ. ಇದನ್ನ ಮಾರಿಸಿಕೊಡು, ಹೋಗಿಬಿಡ್ತೀನಿ" ಎಂದಳು.

ಭತ್ತದ ನಾಟಿಯ ಆಳುಗಳನ್ನು ಇರಿಸಲು ಜಾಗ ಹುಡುಕುತ್ತಿದ್ದ, ಕಾಲುವೆ ನೀರಿಗಾಗಿ ವಲಸೆ ಬಂದು ಕ್ಯಾಂಪಿನಲ್ಲಿ ನೆಲೆಸಿದ್ದ ರೈತನೊಬ್ಬನನ್ನು ಕರೆತಂದೆ. ನಮ್ಮ ದನದ ಸಂತೆಯಲ್ಲಿ ಬಾಯಿಂದ ಬೆಲೆ ಹೇಳುವುದಿಲ್ಲ. ಹೆಗಲ ಮೇಲಿನ ವಲ್ಲಿ ಬಟ್ಟೆಯನ್ನು ಇಬ್ಬರ ಕೈ ಮೇಲೆ ಹೊದಿಸಿ, ಒಳಗೆ ಬೆರಳು ಹಿಡಿದು ಹೇಳುತ್ತೇವೆ; ಬೆಲೆ ಒಪ್ಪದಿದ್ದರೆ ಕೈ ಎಳೆದುಕೊಳ್ಳುತ್ತೇವೆ. ಅವತ್ತೂ ಹಾಗೇ ಮಾಡಿದೆವು. ಆಕೆಯ ಪರವಾಗಿ ನನ್ನ ಕೈ. "ಅಂವ ಎಷ್ಟ ಹಿಡದ್ರೂ ಹೂಂ ಅನ್ನು" ಎಂದು ಆಕೆ ಮೊದಲೇ ಹೇಳಿದ್ದಳು. ಮಗಳ ಮನೆಗೆ ಹೊರಡಲು ಒಳಗೆ ಬಟ್ಟೆಬರೆಯ ಗಂಟೂ ಕಟ್ಟಿಟ್ಟಿದ್ದಳು. ಅವನು ಹಿಡಿದ ಬೆಲೆ ಕಮ್ಮಿಯೇನೂ ಇರಲಿಲ್ಲ. ಆದರೆ ಕೈಗೆ ಅದರದೇ ಚಟ. ಎಳೆದುಕೊಂಡರೆ ಗಿರಾಕಿ ನಾಳೆ ಇನ್ನೊಂದು ಬೆರಳು ಸೇರಿಸಿಕೊಂಡು ಬರುತ್ತಾನೆ… ಎತ್ತಿನ ವ್ಯಾಪಾರದಲ್ಲಿ ಎಷ್ಟೋ ಸಲ ಬಂದಿದ್ದರು. ಎಳೆದುಕೊಂಡೆ.

"ನಾಳಿಗಿ ಬರ್ತಾನ ಬಿಡಕ್ಕ" ಎಂದೆ.

ಬರಲಿಲ್ಲ. ಎತ್ತರದಲ್ಲಿ ಬೇರೆ ಜಾಗ ಸಿಕ್ಕಿತಂತೆ. ಮರುವರ್ಷ ಗದ್ದೆಗಳ ಬಸಿನೀರು ಖಾನಾವಳಿಯ ನೆಲದಿಂದಲೇ ಏಳತೊಡಗಿತು. ಮತ್ತೆ ಯಾರೂ ಕೇಳಲಿಲ್ಲ. ಬೀಗ ಹಾಕಿ ಹೋದರೆ ಮೇಲಿನ ತಗಡೂ ಉಳಿಯುವುದಿಲ್ಲವೆಂದು ಆಕೆ ಅಲ್ಲೇ ಕಾದಳು. ನಾನು ಉಣ್ಣಲು ಹೋದಾಗಲೆಲ್ಲ ದಿಬ್ಬದ ಕಡೆ ನೋಡಿ, "ಅಂವ ಬಂದಾನೇನೋ?" ಎನ್ನುತ್ತಿದ್ದಳು, ನಗುತ್ತಲೇ. ಆ ನಗುವಿಗೆ ಹೆದರಿ ನಾನು ಹೋಗುವುದನ್ನೇ ಬಿಟ್ಟೆ. ಕೊನೆಗೆ ಅಲ್ಲೇ ತೀರಿಕೊಂಡಳು.

ದಲ್ಲಾಳಿ ಆಗಬಯಸುವವರು ಇದನ್ನು ತಿಳಿದಿರಲಿ. ಮಾರದೆ ಉಳಿದ ಎತ್ತನ್ನು ಹೊಡೆದುಕೊಂಡು ಮನೆಗೆ ಹೋಗಬಹುದು. ಮನೆಯೇ ಮಾರದೆ ಉಳಿದರೆ, ಮಾರುವವಳೂ ಅದರೊಳಗೆ ಉಳಿಯುತ್ತಾಳೆ.

ಒಲೆಯ ಫೋಟೊ ತೆಗೆದು ಮಗಳಿಗೆ ಕಳಿಸಿದೆ. ಕೂಡಲೇ ಫೋನ್ ಬಂತು.

"ಎಷ್ಟ ಕರದ್ರೂ ಅವ್ವ ಬರಲೇ ಇಲ್ಲ ನೋಡ್ರಿ ಮಾವ. ಆಕಿಗಿ ನನಗಿಂತ ಆ ಒಲಿನೇ ಹೆಚ್ಚಾಗಿತ್ತು."

ಇಷ್ಟು ವರ್ಷ ಇವಳು ಹಾಗೇ ತಿಳಿದುಕೊಂಡಿದ್ದಾಳೆ!

"ಇಲ್ಲವ್ವ" ಎಂದೆ. "ನಿಮ್ಮವ್ವ ಗಂಟು ಕಟ್ಟಿ ಕುಂತಿದ್ಲು. ನಾನೇ ಕೈ ಎಳಕೊಂಡೆ."

ಮಗಳು ಸಣ್ಣ ದನಿಯಲ್ಲಿ, "ಏನಂದ್ರಿ?" ಎಂದಳು.

ಆ ಹಸಿ ನೆಲದ ಮೇಲೆ ನಿಂತೇ, ಮೊದಲಿನಿಂದ ಹೇಳತೊಡಗಿದೆ.