ಜಯಮ್ಮನ ಮೂವತ್ತೈದು

ಎಂಬತ್ತರ ದಶಕದ ಮಧ್ಯಭಾಗ. ರಾಮನಗರದಿಂದ ಮಾಗಡಿಗೆ ಹೋಗುವ ರಸ್ತೆ ಬಿಟ್ಟು ಎರಡು ಮೈಲಿ ಒಳಗಿದ್ದ ಹಳ್ಳಿಯ ಮಿಡ್ಲ್ ಸ್ಕೂಲಿನಲ್ಲಿ ನಾನು ಏಳನೇ ತರಗತಿಯ ಮೇಷ್ಟ್ರು. ಕನಕಪುರದ ಸಂತೆಯಲ್ಲಿ ಹುಣಸೆಹಣ್ಣು ಮಾರಿಕೊಂಡೇ ಟಿ.ಸಿ.ಎಚ್. ಮುಗಿಸಿದವನು, ಪಾಠ ಮಾಡುವುದಕ್ಕಿಂತ ಮೊದಲು ಕಲಿತದ್ದು ಚೌಕಾಸಿ. ಹಟ ಹಿಡಿದ ಅಪ್ಪಂದಿರು ಯಾರಾದರೂ ಬಂದರೆ ಹೆಡ್ ಮಾಸ್ಟರು ನನ್ನನ್ನೇ ಮುಂದೆ ಬಿಡುತ್ತಿದ್ದರು.

ಆ ವರ್ಷ ಪರೀಕ್ಷೆ ಮುಗಿದು ತರಗತಿ ಖಾಲಿ ಮಾಡುವ ವಾರ. ಮಕ್ಕಳು ಗೋಡೆಯ ನಕ್ಷೆಗಳನ್ನು ಇಳಿಸಿ ಸುತ್ತಿಡುತ್ತಿದ್ದರು, ಗ್ರೂಪ್ ಫೋಟೋದಲ್ಲಿ ಯಾರ ಪಕ್ಕ ಯಾರು ಎಂದು ಕಿತ್ತಾಡುತ್ತಿದ್ದರು. ಉತ್ತರ ಪತ್ರಿಕೆ ತಿದ್ದುವವನು ನಾನೇ. ಏಪ್ರಿಲ್ ಹತ್ತಕ್ಕೆ ಫಲಿತಾಂಶ. ಪಾಸಾದವರಿಗೆ ಟಿ.ಸಿ., ಅಂದರೆ ವರ್ಗಾವಣೆ ಪತ್ರ. ಅದನ್ನು ಹಿಡಿದು ಅವರು ರಾಮನಗರದ ಹೈಸ್ಕೂಲಿಗೆ ಹೋಗಬೇಕು.

ಎಂಟನೇ ತಾರೀಖು ಮಧ್ಯಾಹ್ನ ರೇಷ್ಮೆಹುಳು ಸಾಕುವ ಹೊಂಬಾಳಯ್ಯ ಬಂದ. ಅವನ ಮಗಳು ನಾಗರತ್ನ ತರಗತಿಗೇ ಮೊದಲು.

“ಸಾ, ನಮ್ಮ ನಾಗ್ರತ್ನುನ್ನ ಈ ವರ್ಷ ಫೇಲ್ ಮಾಡ್ಬುಡಿ.”

ತಮಾಷೆಯೆಂದುಕೊಂಡೆ. ಅಲ್ಲ. ಅವನ ಎರಡನೇ ಮಗಳು ಪ್ರೇಮ ಆರನೇ ತರಗತಿಯಲ್ಲಿದ್ದಳು. ದೊಡ್ಡವಳು ಒಂದು ವರ್ಷ ನಿಂತರೆ ಇಬ್ಬರೂ ಒಟ್ಟಿಗೆ ಹೈಸ್ಕೂಲಿಗೆ ಹೋಗಬಹುದು. ಬಸ್ಸು ಹಿಡಿಯಲು ಹಿಪ್ಪುನೇರಳೆ ತೋಟ, ಬಂಡೆ ಸಂದಿ ದಾಟಿ ಎರಡು ಮೈಲಿ ನಡೆಯಬೇಕು. ಒಬ್ಬಳನ್ನೇ ಕಳಿಸುವ ಮಾತೇ ಇಲ್ಲ, ಶಾಲೆಯನ್ನೇ ಬಿಡಿಸುತ್ತೇನೆ ಎಂದ.

“ಮೊದ್ಲು ಜ್ವರ ಎದ್ದ ಹುಳಕ್ಕೆ ನಾವು ಸೊಪ್ಪಾಕಕ್ಕಿಲ್ಲ ಸಾ. ಮಿಕ್ಕವೂ ಏಳೋಗಂಟ ತಡೀತೀವಿ. ಆಗ ಎಲ್ಲಾ ಒಟ್ಟಿಗೆ ಗೂಡು ಕಟ್ತವೆ.”

ಹುಳು ಪೊರೆ ಬಿಡುವ ಮುನ್ನ ಮೇವು ಬಿಟ್ಟು ಮಲಗುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ನಾನೂ ಆ ಸೀಮೆಯವನೇ.

“ಎಷ್ಟೊತ್ತು ತಡೀತೀಯ?”

“ಅರ್ಧ ದಿನ. ಬಾಳ ಅಂದ್ರೆ ಒಂದ್ದಿನ.”

“ವಾರ ತಡದ್ರೆ?”

“ಸತ್ತೋಯ್ತವೆ.”

“ನೀನು ವರ್ಷ ಅಂತೀಯಲ್ಲಪ್ಪಾ!”

ಅವನು ಸೋಲುವ ಗಿರಾಕಿಯಲ್ಲ. “ಹುಳಾನ ಬಸ್ಸಿಗೆ ಹತ್ಸಕ್ಕಿಲ್ಲ ಕಣ್ ಸಾ,” ಎಂದ.

ಗಂಟೆಗಟ್ಟಲೆ ಎಳೆದಾಡಿದೆ. ಹುಡುಗರ ಜೊತೆ ಹೋಗಲಿ ಎಂದರೆ ಬೇಡ. ಹಾಸ್ಟೆಲ್ ಎಂದರೆ ಎದ್ದೇ ನಿಂತ. ನಾನೇ ಕರೆದೊಯ್ಯೋಣವೆಂದರೆ, ನಾನು ಬೆಳಗ್ಗೆ ರಾಮನಗರದಿಂದ ಬರುವವನು, ಅವಳು ಅಲ್ಲಿಗೆ ಹೋಗಬೇಕಾದವಳು. ಕೊನೆಗೆ ಒಂದು ಮಾತಿಗೆ ಇಳಿದ: “ನಮ್ಮೂರಿಂದ ಇನ್ನೊಂದು ಹೆಣ್ಣುಡ್ಗಿ ಹೋದ್ರೆ ಕಳಿಸ್ತೀನಿ.”

“ಆಯ್ತು, ಮಾತು ಮುಗೀತು,” ಎಂದು ಕೈ ಹಿಡಿದು ಕುಲುಕಿದೆ. ಗೆದ್ದೆ ಎಂದುಕೊಂಡೆ. ಮಾಲು ನೋಡದೆ ಮಾತು ಕೊಟ್ಟಿದ್ದೆ.

ಆಗಲೇ ಹೈಸ್ಕೂಲಿಗೆ ಹೋಗುತ್ತಿದ್ದ ಹುಡುಗಿ ಊರಲ್ಲಿ ಒಬ್ಬಳೂ ಇರಲಿಲ್ಲ. ತರಗತಿಯಲ್ಲಿದ್ದದ್ದು ಮೂವರೇ ಹುಡುಗಿಯರು. ಒಬ್ಬಳು ಚನ್ನಪಟ್ಟಣದ ಸೋದರತ್ತೆಯ ಮನೆಗೆ ಓದಲು ಹೊರಟಿದ್ದಳು. ಉಳಿದವಳು ಜಯಮ್ಮ. ಅವಳ ಗಣಿತದ ಪತ್ರಿಕೆ ತೆಗೆದೆ: ಹತ್ತೊಂಬತ್ತು. ಪಾಸಿಗೆ ಬೇಕಾದದ್ದು ಮೂವತ್ತೈದು.

ಪಾಸಾದವಳನ್ನು ಫೇಲು ಮಾಡಲಾರೆ. ಫೇಲಾದವಳನ್ನು ಪಾಸು ಮಾಡದಿದ್ದರೆ ಪಾಸಾದವಳು ಮನೆಯಲ್ಲೇ ಉಳಿಯುತ್ತಾಳೆ. ಹೆಡ್ ಮಾಸ್ಟರ ಹತ್ತಿರ ಹೋದರೆ, “ನಿಮ್ಮ ಕ್ಲಾಸು, ನಿಮ್ಮ ಸಹಿ. ನನಗೆ ನಾಳಿದ್ದು ಪಟ್ಟಿ ಬೇಕು,” ಎಂದು ಕನ್ನಡಕ ಒರೆಸುತ್ತ ಕೂತರು. ಪತ್ರಿಕೆಯನ್ನು ಮತ್ತೆ ಮತ್ತೆ ತಿದ್ದಿದೆ. ಲೆಕ್ಕದ ಹಂತಕ್ಕೆ ಅರ್ಧ, ಸೂತ್ರಕ್ಕೆ ಒಂದು. ಎಷ್ಟು ಧಾರಾಳವಾದರೂ ಇಪ್ಪತ್ತೆರಡು ದಾಟಲಿಲ್ಲ. ಕಡೆಗೆ ಸೇರಿಸುವುದನ್ನೇ ಬಿಟ್ಟು ಮೂವತ್ತೈದು ಎಂದು ಬರೆದು ಸಹಿ ಹಾಕಿದೆ.

ಹತ್ತನೇ ತಾರೀಖು ಹೆಸರು ಓದಿದಾಗ ಜಯಮ್ಮನ ತಾಯಿ ಬಾಗಿಲಲ್ಲೇ ಕೈ ಮುಗಿದರು. ಎಲ್ಲರೂ ಹೋದ ಮೇಲೆ ಜಯಮ್ಮ ಮೇಜಿನ ಹತ್ತಿರ ಬಂದಳು.

“ಸಾ, ನಂದು ತಪ್ಪಾಗಿ ಓದ್ಬುಟ್ರಿ ಅನ್ಸುತ್ತೆ. ಲೆಕ್ಕದಾಗೆ ನಾನು ಅರ್ಧ ಮುಟ್ಟೇ ಇಲ್ಲ.”

“ತಪ್ಪೇನಿಲ್ಲ. ಟಿ.ಸಿ. ತಗೊಂಡು ಹೋಗಮ್ಮ,” ಎಂದೆ. ಅವಳ ಮುಖ ನೋಡಲಿಲ್ಲ.

ಜೂನ್‌ನಲ್ಲಿ ಇಬ್ಬರೂ ಹೈಸ್ಕೂಲಿಗೆ ಸೇರಿದರು. ಹೊಂಬಾಳಯ್ಯ ಮಾತಿಗೆ ತಪ್ಪಲಿಲ್ಲ. ಎಂಟನೇ ತರಗತಿಯಲ್ಲಿ ಜಯಮ್ಮ ಎಲ್ಲ ವಿಷಯದಲ್ಲೂ ನಪಾಸಾಗಿ ಓದು ಬಿಟ್ಟಳು. ಅಷ್ಟರಲ್ಲಿ ಪ್ರೇಮ ಏಳನೇ ತರಗತಿ ಮುಗಿಸಿದ್ದಳು. ಅಕ್ಕನಿಗೆ ಜೊತೆ ಸಿಕ್ಕಿತು. ನಾಗರತ್ನ ಮುಂದೆ ಓದಿ ಟೀಚರಾದಳು.

ಬಹಳ ವರ್ಷಗಳ ನಂತರ ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ ಜಯಮ್ಮ ಸಿಕ್ಕಳು. ರೇಷ್ಮೆಗೂಡಿನ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದಳು. ಗೂಡು ಬೇಯುವ ಬಿಸಿನೀರಿನಲ್ಲಿ ಅದ್ದಿ ಅದ್ದಿ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. ಅವಳೇ ಗುರುತಿಸಿ ಮಾತಾಡಿಸಿದಳು.

“ನಾಗ್ರತ್ನ ಟೀಚರ್ ಆದ್ಲಂತೆ, ಅಲ್ವಾ ಸಾ?”

“ಹೂಂ ಕಣಮ್ಮ.”

“ಒಳ್ಳೇದಾಯ್ತು ಬುಡಿ. ಆ ವರ್ಷ ನಾನು ಇಸ್ಕೂಲಿಗೆ ಓಯ್ತಿರ್ಲಿಲ್ಲ ಸಾ, ಅವ್ಳ ಜೊತೆಗೆ ಓಯ್ತಿದ್ದೆ.” ನಕ್ಕಳು. “ನೀವು ಫೇಲ್ ಮಾಡಿದ್ರೆ ಪ್ರೇಮುನ್ ಪಕ್ಕ ಕುಂತ್ಕೊಂಡು ಇನ್ನೊಂದ್ಸಲ ಕಲೀತಿದ್ನೇನೋ. ಬತ್ತೀನಿ ಸಾ, ಬಸ್ ಬಂತು.”

ಹೊಸದಾಗಿ ಕೆಲಸಕ್ಕೆ ಸೇರುವ ಮೇಷ್ಟ್ರುಗಳಿಗೆ ಒಂದು ಮಾತು. ಅಪ್ಪಂದಿರ ಜೊತೆ ಚೌಕಾಸಿ ಮಾಡಿ. ಮಾಡದಿದ್ದರೆ ಅರ್ಧ ಹುಡುಗಿಯರು ಮನೆಯಲ್ಲೇ ಉಳಿಯುತ್ತಾರೆ. ಆದರೆ ಕೈ ಕುಲುಕುವ ಮುಂಚೆ, ಕೊಡುತ್ತಿರುವುದು ಯಾರ ಸ್ವತ್ತು ಎಂದು ನೋಡಿಕೊಳ್ಳಿ. ನಾನು ಕೊಟ್ಟದ್ದು ಜಯಮ್ಮನ ಒಂದು ವರ್ಷ. ಇವತ್ತು ಅದೇ ಪಟ್ಟಿಯನ್ನು ಮತ್ತೆ ನನ್ನ ಮುಂದಿಟ್ಟರೆ ಏನು ಬರೆಯುತ್ತೇನೋ, ನಿಜಕ್ಕೂ ಗೊತ್ತಿಲ್ಲ. ಬರೆಯುವ ಮೊದಲು ಜಯಮ್ಮನನ್ನು ಕರೆದು ಕೇಳುತ್ತೇನೆ, ಅಷ್ಟು ಗೊತ್ತು.